ಹಳದಿ ಸೀರೆ, ಬಿಳಿ ನೊಣ

ಟಣ್ಣಟಣ್ಣ ಟಣ್! ಹೂವಿನ ಹಿಪ್ಪರಗಿಯ ಹೊಲದಲ್ಲಿ ಖಾಲಿ ಡಬ್ಬಿಗಳು ಗಾಳಿಗೆ ತೂಗಿ ಕೋಲಿಗೆ ಬಡಿಯುತ್ತಿದ್ದ ಆ ಸದ್ದು ನೆನಪಾದರೆ, ಈ ವಯಸ್ಸಿನಲ್ಲೂ ನನಗೆ ಗಿಗಲ್ಸ್ ತಡೆಯಲಾಗುವುದಿಲ್ಲ.

ಹೊಲ ನನ್ನ ನಾದಿನಿಯದು, ತವರಿನಿಂದ ಪಾಲಿಗೆ ಬಂದದ್ದು. ಸುತ್ತಲೂ ತೊಗರಿ ಬಿತ್ತಿದರೆ ಅವಳು ಹಟ ಹಿಡಿದು ಸೋಯಾಬೀನ್ ಬಿತ್ತಿದ್ದಳು. "ಬೆಳಿ ಕೈಗೆ ಹತ್ತಲಿಲ್ಲಂದ್ರ ಹೊಲಾ ಲಾವಣಿಗೆ ಕೊಟ್ಟು, ಗೇಣಿ ತಗೊಂಡು ಮನ್ಯಾಗ ಕೂಡು," ಎಂದು ಅವಳ ಅಣ್ಣ, ಅಂದರೆ ನಮ್ಮ ಯಜಮಾನರು, ಕಂಡಿಷನ್ ಹಾಕಿದ್ದರು. ಹೂ ಬಿಡುವ ಹೊತ್ತಿಗೆ ಸರಿಯಾಗಿ ಎಲೆಗಳ ಮೇಲೆ ಅರಿಶಿನ ಚೆಲ್ಲಿದಂತೆ ಮಚ್ಚೆಗಳು!

ಕೃಷಿ ಆಫೀಸಿನ ಹುಡುಗಿ ಬಂದು ನೋಡಿದಳು. "ಇದು ವೈರಸ್ ರೀ. ಹತ್ತಿದ ಗಿಡಕ್ಕ ಔಷಧ ಇಲ್ಲ. ಬಿಳಿ ನೊಣ ರಸಾ ಹೀರಿ ಬಾಜೂ ಗಿಡಕ್ಕ ಒಯ್ತಾವ. ರೋಗದ ಗಿಡಾ ಕಿತ್ತು ಹುಗೀರಿ. ನೊಣಕ್ಕ ಹಳದಿ ಅಂದ್ರ ಭಾಳ ಪ್ರೀತಿ. ಡಬ್ಬಿಗೆ ಹಳದಿ ಬಣ್ಣಾ ಬಳದು, ಔಡಲೆಣ್ಣಿ ಸವರಿ ನಿಲ್ಲಸ್ರಿ. ಅಂಟಕೊಂಡು ಸಾಯ್ತಾವ."

ಡಬ್ಬಿ ನಿಂತವು. ಗಿಡ ಕೀಳಲು ಮಾತ್ರ ನಾದಿನಿಗೆ ಕೈ ಬರಲಿಲ್ಲ. "ಹೂ ಬಿಟ್ಟಾವ ವೈನಿ. ಬಸುರಿ ಹೆಣ್ಣಮಗಳನ್ನ ಮನಿ ಬಿಟ್ಟು ಹೊರಗ ಹಾಕಿದಂಗ ಆಗೂದಿಲ್ಲೇನ್ರಿ?"

"ಕಾನ್ವೆಂಟಿನಾಗ ನನಗ ಮಂಪ್ಸ್ ಬಂದಾಗ ಸಿಸ್ಟರ್ ಸಿಕ್‌ರೂಮಿಗೆ ಹಾಕಿದ್ರು. ಸಿಟ್ಟಿಗಲ್ಲ, ಉಳಿದವ್ರಿಗೆ ಹತ್ತಬಾರದಂತ," ಎಂದೆ.

"ನಿಮ್ಮನ್ನೇನು ಹುಗೀಲಿಲ್ಲಲ್ಲ!"

ಕೊನೆಗೆ, "ಹಂಗಾದ್ರ ಉಡಿ ತುಂಬಿ ಕಳಸೂಣು," ಎಂದೆ.

ಮರುದಿನ ಓಣಿಯ ಹೆಂಗಸರು ಅಕ್ಕಿ, ಖಣ, ಕೊಬ್ಬರಿ ಹಿಡಿದು ಬಂದರು. ಶುಭಕಾರ್ಯವೆಂದು ನಾನು ನನ್ನ ಹಳದಿ ರೇಷ್ಮೆ ಸೀರೆಯನ್ನೇ ಉಟ್ಟಿದ್ದೆ! ಗಿಡದ ಬುಡಕ್ಕೆ ಅಕ್ಕಿ ಹಾಕಿ ಅಲ್ಲಾಡಿಸಿದ್ದೇ ತಡ, ನೊಣಗಳು ಬಿಳಿ ಪುಡಿಯಂತೆ ಎದ್ದು ನನ್ನ ಮೇಲೇ ಬಂದವು. ಹೌಹಾರಿ ಹಿಂದೆ ಸರಿದರೆ ಎಣ್ಣೆ ಡಬ್ಬಿಗೇ ಬೆನ್ನು. ಓ ಮೈ ಗಾಡ್, ನನ್ನ ರೇಷ್ಮೆ!

"ವೈನಿ, ಅಲುಗಬ್ಯಾಡ್ರಿ! ಡಬ್ಬಿಗಿಂತ ನಿಮಗ ಜಾಸ್ತಿ ಹತ್ಯಾವ!" ನಾದಿನಿ ಬದುವಿನ ಮೇಲೆ ಕುಸಿದು ನಕ್ಕಳು. ಕಣ್ಣೊರೆಸಿಕೊಂಡು ಎದ್ದವಳು ನಗುತ್ತಲೇ ಮೊದಲ ಗಿಡ ಕಿತ್ತಳು. ಆಮೇಲೆ ನಾವೆಲ್ಲ ಕಿತ್ತೆವು, ತಗ್ಗು ತೋಡಿ ಹುಗಿದೆವು.

ಉಳಿದ ಗಿಡಗಳು ಕಾಯಿ ಕಟ್ಟಿದವು. ರಾಶಿಯ ದಿನ ಯಜಮಾನರು ಕಾಳನ್ನು ಬೊಗಸೆಯಲ್ಲಿ ಹಿಡಿದು ನಿಂತರು. ಲಾವಣಿಯ ಸುದ್ದಿ ಎತ್ತಲಿಲ್ಲ.

ಮುಂದಿನ ಮುಂಗಾರಿಗೆ ಅವಳು ರೋಗ ತಡೆಯುವ ತಳಿಯ ಬೀಜ ತಂದು ಬಿತ್ತಿದಳು. ಇಂಡಿಗೆ ಹೊರಟಿದ್ದ ನಾವು ಹೊಲದ ಹತ್ತಿರ ಕಾರು ನಿಧಾನಿಸಿದೆವು. ನನ್ನ ಹಾಳಾದ ಸೀರೆಯನ್ನು ಬಾವುಟದಂತೆ ಕೋಲಿಗೆ ಕಟ್ಟಿ, ಅದಕ್ಕೆ ಎಣ್ಣೆ ಸವರುತ್ತಿದ್ದಳು. "ವೈನಿ, ನಿಮ್ಮನ್ನ ಇಲ್ಲೇ ಕಾವಲಿಗೆ ನಿಲ್ಲಿಸೇನಿ ನೋಡ್ರಿ!" ಎಂದು ಎಣ್ಣೆಗೈ ಎತ್ತಿ ಕೂಗಿದಳು. ಅದೇ ಮಳೆಗಾಲದಲ್ಲಿ ಅವಳು ಹಠಾತ್ತನೆ ತೀರಿಕೊಂಡಳು; ಜೀವಂತವಾಗಿ ಅವಳನ್ನು ನಾನು ನೋಡಿದ್ದು ಅದೇ ಕೊನೆ.