ಛಾವಣಿ ಏಳುವ ಗಾಡಿ

ಮಳೆಗಾಲಕ್ಕೆ ಮೊದಲು ಬಾಲ್ಕನಿಗೆ ಕಟ್ಟೋಣವೆಂದು ಮೊನ್ನೆ ಒಂದು ತಾಡಪತ್ರಿ ತಂದೆ. ಮಡಿಕೆ ಬಿಚ್ಚಿದ್ದೇ ತಡ, ಮೇಣಕ್ಕೆ ಸೀಮೆಎಣ್ಣೆ ಬೆರೆಸಿದಂಥ ವಾಸನೆ ಮೂಗಿಗೆ ಬಡಿಯಿತು. ಹೆಂಡತಿ "ಶೀ" ಎಂದು ಸೆರಗು ಅಡ್ಡ ಹಿಡಿದಳು. ನಾನು ಮಾತ್ರ ಬಗ್ಗಿ ಇನ್ನೊಮ್ಮೆ ಮೂಸಿದೆ. ವಾಸನೆ ಗೊತ್ತು, ಊರು ಗೊತ್ತಾಗುತ್ತಿಲ್ಲ. ನಿಮಗೂ ಹೀಗೆ ಆಗಿರಬಹುದು. ಸಂಜೆ ಕಾಫಿ ಕುಡಿಯುವಾಗ ಥಟ್ಟನೆ ಹೊಳೆಯಿತು. ತೊಂಬತ್ತರ ದಶಕದ ಡೊಂಬಿವಲಿ, ನಮ್ಮ ಸದಾನಂದ ಮಾವನ ಗಾಡಿ.

ಗಾಡಿ ಎಂದರೆ ಎಂಥ ಗಾಡಿ ಎಂದು ನೀವು ಕೇಳುತ್ತೀರಿ. ಆಗ ನಾವಿದ್ದ ವಠಾರ, ಇಡೀ ಚಾಳೇ ಕೇಳಿತ್ತು. ಮಾವ ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನು ನೋಡಿಕೊಳ್ಳುತ್ತಿದ್ದರು. ಹಿಂದೆಂದೋ ಅಲ್ಲಿಗೆ ಯಂತ್ರ ಕೂರಿಸಲು ಬಂದ ಪರದೇಶದ ಇಂಜಿನಿಯರುಗಳು ರಜೆಯಲ್ಲಿ ಸುತ್ತಾಡಲಿಕ್ಕೆ ಒಂದು ಸಣ್ಣ ಟ್ರಕ್ಕು ತರಿಸಿಕೊಂಡಿದ್ದರಂತೆ. ಅದರ ಬೆನ್ನ ಮೇಲೆ ತಗಡಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಪುಟ್ಟ ಮನೆ. ಅವರು ಊರಿಗೆ ಹೋದರು, ಗಾಡಿ ಗೋದಾಮಿನ ಹಿಂದೆ ಹುಲ್ಲಿನಲ್ಲಿ ಉಳಿಯಿತು. ವರ್ಷಗಳಾದ ಮೇಲೆ ಅದನ್ನು ಗುಜರಿಗೆ ಹಾಕುತ್ತಾರೆಂದು ತಿಳಿದಾಗ ಮಾವ ಗುಜರಿಯ ಬೆಲೆಗೇ ತಾನು ಕೊಳ್ಳುತ್ತೇನೆ ಎಂದರಂತೆ. ಒಂದು ಭಾನುವಾರ ಅದನ್ನು ಎಳೆಸಿಕೊಂಡು ಶೀಳ್ ಫಾಟಾ ದಾಟಿ ಬಂದೇಬಿಟ್ಟರು.

ಅಂಗಳದ ಬಾದಾಮಿ ಮರದ ಕೆಳಗೆ ಗಾಡಿ ನಿಂತಿತು. ಮೂರು ಮಾಳಿಗೆಯ ಗ್ಯಾಲರಿಗಳಿಂದಲೂ ತಲೆಗಳು ಇಣುಕಿದವು. ಮಾವ ನಾಲ್ಕು ಕೊಂಡಿ ಬಿಚ್ಚಿ, ಒಂದು ಕೈಹಿಡಿ ತಿರುಗಿಸತೊಡಗಿದರು. ಕಿರ್ ಕಿರ್ ಎನ್ನುತ್ತ ಪೆಟ್ಟಿಗೆಯ ಮುಚ್ಚಳ ಮೇಲೆದ್ದಿತು. ಅದರ ಅಂಚಿಗೆ ಹೊಲಿದಿದ್ದ ದಪ್ಪ ಕ್ಯಾನ್‌ವಾಸು ಬಿಚ್ಚಿಕೊಂಡು ನಾಲ್ಕು ಕಡೆ ಗೋಡೆಯಾಯಿತು, ಗೋಡೆಗೆ ಜಾಲರಿಯ ಕಿಟಕಿ ಬೇರೆ. ಕುಳ್ಳಗಿದ್ದ ಗಾಡಿಯಲ್ಲಿ ಈಗ ಆರಡಿಯ ಮನುಷ್ಯ ನಿಲ್ಲಬಹುದಿತ್ತು. ನಾನಾಗ ಠಾಣೆಯ ಒಂದು ಆಫೀಸಿನಲ್ಲಿ ಗುಮಾಸ್ತ, ವಯಸ್ಸು ಇಪ್ಪತ್ತೈದರ ಆಸುಪಾಸು. ಮಕ್ಕಳನ್ನೆಲ್ಲ ತಳ್ಳಿಕೊಂಡು ಮುಂದೆ ಹೋಗಿ ನಿಂತಿದ್ದೆ. ಪಕ್ಕದ ಮನೆಯ ಮರಾಠಿ ಆಜಿ ನನ್ನ ಶರ್ಟು ಹಿಡಿದು ಹಿಂದಕ್ಕೆ ಎಳೆದರು.

ಮೊದಲು ಒಳಗೆ ಹತ್ತಿದವರು ಮಾವನ ಹೆಂಡತಿ ಗಿರಿಜತ್ತೆ. ನಾನು ಬಾಗಿಲಿನಿಂದ ನೋಡುತ್ತಿದ್ದೆ. ಅಡಿಗೆಯವರ ಮನೆಯ ಹೆಂಗಸು, ಒಲೆ ನೋಡಬಹುದು ಎಂದುಕೊಂಡೆ. ನೋಡಲಿಲ್ಲ. ಮಡಚಿದರೆ ಮಂಚವಾಗುವ ಮೇಜನ್ನೂ ನೋಡಲಿಲ್ಲ. ಸೀದಾ ತಿರುಗಿ ಬಾಗಿಲ ಒಳಮೈಯನ್ನು ತಡವಿದರು. ಅಲ್ಲೊಂದು ಹಿತ್ತಾಳೆಯ ಚಿಲಕ ಇತ್ತು. ಅದನ್ನು ಹಾಕಿ ತೆಗೆದು, ತೆಗೆದು ಹಾಕಿ ನೋಡಿದರು.

"ಇದು ಒಳಗಿಂದ ಹಾಕ್ಲಿಕ್ಕೆ ಆಗ್ತದಲ್ಲ!" ಎಂದರು.

ಇದರ ಬೆಲೆ ಗೊತ್ತಾಗಬೇಕಾದರೆ ನೀವು ನಮ್ಮ ಚಾಳಿಗೆ ಬರಬೇಕು. ಒಂದು ಕೋಣೆ, ಒಂದು ಅಡಿಗೆಮನೆ. ಮಾವ, ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಮಾವನ ಇಬ್ಬರು ತಮ್ಮಂದಿರು, ಮೇಲೆ ಊರಿಂದ ನೌಕರಿಗೆಂದು ಬಂದು ಅಲ್ಲೇ ಬೇರುಬಿಟ್ಟ ನಾನು. ಹಗಲು ಬಾಗಿಲು ಹಾಕುವ ಪದ್ಧತಿಯೇ ಅಲ್ಲಿರಲಿಲ್ಲ. ಹಾಕಿದರೆ ಒಳಗೆ ಜಗಳವೋ ಕಾಯಿಲೆಯೋ ಎಂದು ಗ್ಯಾಲರಿಯವರೆಲ್ಲ ಬಂದು ಬಡಿಯುತ್ತಿದ್ದರು. ಒಮ್ಮೆ ಅತ್ತೆ ತಲೆನೋವೆಂದು ಬಾಗಿಲು ಮುಂದೆ ಮಾಡಿ ಮಲಗಿದ್ದಕ್ಕೆ ಒಬ್ಬರು ಶುಂಠಿ ಕಷಾಯ, ಒಬ್ಬರು ಅಮೃತಾಂಜನ, ಒಬ್ಬರು ಸಲಹೆ ಹಿಡಿದುಕೊಂಡು ಬಂದರು. ಮೂವರಿಗೂ ಅತ್ತೆ ಎದ್ದು ಚಹಾ ಮಾಡಬೇಕಾಯಿತು.

ಆ ಸಂಜೆ ಗಾಡಿಯ ಕೆಳಗೆ ಮಲಗಿ ಪಕ್ಕದಲ್ಲಿ ಕೂತ ಮಾವನಿಗೆ ನಟ್ಟು ಬಿಚ್ಚುವ ಪಾನಾ ಕೊಡುತ್ತಿದ್ದಾಗ, ನಾನಿರುವುದು ತಿಳಿಯದ ಅತ್ತೆಯ ಮಾತು ಕೇಳಿಸಿತು.

"ನೋಡಿ, ಇದು ಸರಿಯಾದ ಮೇಲೆ ನಾಲ್ಕು ದಿನ ಎಲ್ಲಿಗಾದರೂ ಹೋಗುವ. ನಾವಿಬ್ಬರೇ."

"ಇಬ್ಬರೇ? ಮನೆಯವರಿಗೆ ಎಂಥ ಹೇಳುದು ಗಿರಿಜಾ?"

"ಅದು ನಂಗೊತ್ತಿಲ್ಲ. ನಾನು ಈವರೆಗೆ ಒಂದಾದರೂ ಕೇಳಿದ್ದುಂಟಾ ನಿಮ್ಮತ್ರ?"

ಇರಲಿಲ್ಲ. ಮಾವ ಬಿಗಿಯಾಗಿದ್ದ ನಟ್ಟನ್ನೇ ಮತ್ತೆ ತಿರುಗಿಸಿದರು. ಅವರ ಕಿವಿ ಕೆಂಪಾಗಿತ್ತು. ನಾನು ನಾಚಿ ಇನ್ನಷ್ಟು ಒಳಕ್ಕೆ ಸರಿದೆ, ತಲೆ ಸೈಲೆನ್ಸರಿಗೆ ಹೊಡೆಯಿತು.

ಭಾನುವಾರಗಳೆಲ್ಲ ಗಾಡಿಗೆ ಹೋದವು. ನೆಲದ ತುಕ್ಕು ಕೆರೆದೆವು. ಕಲ್ಯಾಣದಲ್ಲಿ ಮಂಟಪದ ಬಟ್ಟೆಗೋಡೆ, ಕನಾತು ಹೊಲಿಯುವ ದರ್ಜಿಯೊಬ್ಬ ಹರಿದ ಕ್ಯಾನ್‌ವಾಸಿಗೆ ತೇಪೆ ಹಾಕಿಕೊಟ್ಟ. ಮೇಣ ಕರಗಿಸಿ, ಸೀಮೆಎಣ್ಣೆ ಬೆರೆಸಿ, ಹಳೇ ಬನಿಯನ್ನಿನಲ್ಲಿ ಅದ್ದಿ ಬಟ್ಟೆಗೆಲ್ಲ ತಿಕ್ಕಿದವನು ನಾನು. ಸೋಮವಾರ ಲೋಕಲ್‌ನಲ್ಲಿ ನನ್ನ ಪಕ್ಕ ಯಾರೂ ಒತ್ತಿಕೊಂಡು ನಿಲ್ಲುತ್ತಿರಲಿಲ್ಲ. ಡೊಂಬಿವಲಿಯ ಬೆಳಗಿನ ರೈಲಿನಲ್ಲಿ ಇದು ಸಣ್ಣ ಸುಖವಲ್ಲ. ಮೆತ್ತಿದ ಮೇಣ ಒಣಗಲೆಂದು ಛಾವಣಿಯನ್ನು ಎತ್ತಿಯೇ ಇಟ್ಟಿದ್ದೆವು.

ವೆಲ್ಡಿಂಗಿಗೆ ಬರುತ್ತಿದ್ದವನು ಕಲಬುರಗಿ ಕಡೆಯ ಶರಣಪ್ಪ. ಒಂದು ದಿನ ಒಳಗೆ ನಿಂತು ಮೇಲೆ ನೋಡಿದ.

"ಮಾಲಕ್ರ, ಇಷ್ಟು ಜಾಗಾ ಸುಮ್ನ ಗಾಳಿಗೆ ಬಿಟ್ರ ಹ್ಯಾಂಗ್ರೀ? ಆಂಗಲ್ ಹಾಕಿ ಒಂದು ಮಾಳಾ ಹೊಡ್ದು ಕೊಡ್ತೀನಿ. ಸಾಮಾನಿಟ್ರೂ ಆತು, ಎರಡು ಮಂದಿ ಮಲ್ಕೊಂಡ್ರೂ ಆತು."

ಮಾಳಾ ಎಂದರೆ ಸೂರಿನ ಕೆಳಗಿನ ಅಟ್ಟ. ಮುಂಬಯಿ ಕಡೆಯವರಿಗೆ ಖಾಲಿ ಸೂರು ಕಂಡರೆ ಕೈ ತುರಿಸುತ್ತದೆ. ಬಡಿಸಿದ ಎಲೆಯಲ್ಲಿ ಪಲ್ಯದ ಜಾಗ ಖಾಲಿಯಿದ್ದ ಹಾಗೆ ಅದು, ತುಂಬುವವರೆಗೆ ಸಮಾಧಾನವಿಲ್ಲ. ಮಾವ "ಹೌದಲ್ಲ ಮಾರಾಯ" ಎಂದರು. ನಾನೂ ಎಂದೆ. ಎರಡು ದಿನದಲ್ಲಿ ಮಾಳಾ ಕೂತಿತು. ಮೂರನೇ ದಿನಕ್ಕೆ ಅದರ ಮೇಲೆ ಎರಡು ಕೊಪ್ಪರಿಗೆ, ನಾಲ್ಕು ಕೌದಿ, ನನ್ನ ಟ್ರಂಕು ಏರಿದವು. ಮನೆ ಸ್ವಲ್ಪ ಸಡಿಲವಾಯಿತೆಂದು ಎಲ್ಲರಿಗೂ ಖುಷಿ. ಮಾವನ ತಮ್ಮಂದಿರು ತಮ್ಮ ಹಾಸಿಗೆ ಸುತ್ತಿ ತಂದು ಅಲ್ಲೇ ಇಟ್ಟರು.

"ಅಣ್ಣ, ಹೊರಡುವಾಗ ನಾವು ಮೇಲೆ ಮಲಗ್ತೇವೆ. ಕೆಳಗೆ ನೀವು, ಅತ್ತಿಗೆ, ಮಕ್ಕಳು. ಎಲ್ಲರೂ ಹಿಡಿಸ್ತೇವೆ," ಎಂದ ಹಿರಿಯವನು. ಅವನಿಗೆ ಬೇರೆ ಯೋಚನೆ ಬರಲೇ ಇಲ್ಲ. ಎಲ್ಲಿಗೆ ಹೋದರೂ ಎಲ್ಲರೂ ಹೋಗುವುದು ನಮ್ಮ ಮನೆಯ ರೀತಿ.

ಅತ್ತೆ ಮಾವನ ಮುಖ ನೋಡಿದರು. ಮಾವ ಬಾದಾಮಿ ಮರ ನೋಡಿದರು. ನನಗೆ ಅತ್ತೆಯ ಬಗ್ಗೆ ತುಂಬ ಕೆಡುಕೆನಿಸಿತು. ಆದರೆ ಗಾಡಿಯ ಕೆಳಗೆ ಕದ್ದು ಕೇಳಿದ್ದನ್ನು ಯಾವ ಬಾಯಿಂದ ಹೇಳಲಿ?

ಅಷ್ಟರಲ್ಲಿ ಚಾಳಿನ ಸೆಕ್ರೆಟರಿ ಕಾಕಾ ಬಂದರು. "ಅಹೋ ಸದಾನಂದ್, ಗಣಪತೀ ಯೇಣಾರ, ಗಾಡೀ ಹಲವಾ!" ಗಣಪತಿ ಬರುತ್ತಾನೆ, ಗಾಡಿ ತೆಗೆಯಿರಿ. ಮಂಟಪ ಕಟ್ಟುವುದು ಆ ಮರದ ಕೆಳಗೇ. ತೆಗೆಯದಿದ್ದರೆ ಗುಜರಿಯವನಿಗೆ ಫೋನು ಮಾಡುತ್ತೇನೆ ಎಂದೂ ಹೇಳಿ ಹೋದರು. ಇಂಜಿನ್ನು ಅದಾಗಲೇ ಉಸಿರಾಡತೊಡಗಿತ್ತು. ಮುಂದಿನ ಭಾನುವಾರವೇ ಹೊರಡುವುದೆಂದು ಮಾವ ಸಾರಿದರು. ಯಾರು ಯಾರು ಎಂದು ಮಾತ್ರ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಮಂಟಪದ ಬಿದಿರು ಬಂದು ಬಿತ್ತು. ಮನೆಮಂದಿಯೆಲ್ಲ ಚೀಲ ಹಿಡಿದು ನಿಂತಿದ್ದರು. ಮಾವ ತೆಂಗಿನಕಾಯಿ ಒಡೆದು, ಚಕ್ರದ ಕೆಳಗೆ ಲಿಂಬೆಹಣ್ಣಿಟ್ಟು, ಛಾವಣಿ ಇಳಿಸಲು ಕೈಹಿಡಿ ತಿರುಗಿಸಿದರು. ಅದು ಗೇಣು ಇಳಿದು ಠಣ್ ಎಂದು ನಿಂತಿತು. ಇನ್ನೊಮ್ಮೆ ತಿರುಗಿಸಿದರು. ಠಣ್.

ಮುಚ್ಚಳ ಇಳಿದು ಬಂದು ಕೂರಬೇಕಾದದ್ದೇ ಸೂರಿನ ಕೆಳಗಿನ ಆ ಖಾಲಿ ಜಾಗದಲ್ಲಿ! ಅಲ್ಲಿ ಈಗ ನಮ್ಮ ಮಾಳಾ ಕೂತಿತ್ತು, ಗಟ್ಟಿಯಾಗಿ ವೆಲ್ಡಾಗಿ, ಕೊಪ್ಪರಿಗೆಗಳನ್ನು ಹೊತ್ತುಕೊಂಡು. ವಾರಗಟ್ಟಲೆ ಅದರ ಕೆಳಗೇ ತಿರುಗಾಡಿದ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಛಾವಣಿ ಇಳಿಯದೆ ಗಾಡಿ ಚಾಳಿನ ಹೆಬ್ಬಾಗಿಲ ಕಮಾನು ದಾಟುವ ಹಾಗೂ ಇರಲಿಲ್ಲ. ಗ್ಯಾಲರಿಯಲ್ಲಿ ನಗು ಹತ್ತಿತು. ಸೆಕ್ರೆಟರಿ ಕಾಕಾ ಹಣೆ ಚಚ್ಚಿಕೊಂಡರು. ಯಾರೋ ಶರಣಪ್ಪನನ್ನು ಕರೆತಂದರು. ಅವನು ತಲೆ ಕೆರೆದುಕೊಂಡು, "ನಾ ಮನೀ ಅಂತ ತಿಳ್ಕೊಂಡಿದ್ದೆ ನೋಡ್ರಿ, ಗಾಡಿ ಅಂತ ನೆಪ್ಪೇ ಹಾರಿತ್ತು," ಎಂದ.

"ಮಾಳಾ ಕೊಯ್ದರೆ ನಾವು ಮಲಗುದು ಎಲ್ಲಿ?" ಎಂದ ಮಾವನ ತಮ್ಮ. ಮಾವ ಕೈಹಿಡಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು.

ಉತ್ತರ ಕೊಟ್ಟದ್ದು ಅತ್ತೆ. "ಶರಣಪ್ಪ, ಕೊಯ್ದು ತೆಗಿ. ಸಾಮಾನು, ಹಾಸಿಗೆ ಎಲ್ಲ ಮನೆಗೆ ಹೋಗ್ಲಿ. ಇದರಲ್ಲಿ ಹೋಗುದು ನಾನು ಮತ್ತೆ ಇವರು. ಇಬ್ಬರೇ. ನಾಲ್ಕು ದಿನ. ಅನ್ನ ಸಾರು ಮಾಡಿಟ್ಟಿದ್ದೇನೆ, ನಾಳೆಯಿಂದ ನೀವೇ ಮಾಡಿಕೊಳ್ಳಿ."

ಪಕ್ಕದ ಮನೆಯ ಆಜಿ ಮೇಲಿನಿಂದ "ಜಾ ಗಿರಿಜಾ, ಜಾ!" ಎಂದು ಕೂಗಿ, ಹೋಗು ಹೋಗು ಎಂದು ಕೈಬೀಸಿದರು. ಶರಣಪ್ಪ ಕಿಡಿ ಹಾರಿಸತೊಡಗಿದ. ಮಧ್ಯಾಹ್ನದ ಹೊತ್ತಿಗೆ ಛಾವಣಿ ಇಳಿಯಿತು, ಗಾಡಿ ಕಮಾನಿನ ಕೆಳಗೆ ತೂರಿ ಹೊರಗೆ ಹೋಯಿತು. ಅತ್ತೆ ತಿರುಗಿ ನೋಡಲಿಲ್ಲ.

ನಾಲ್ಕು ದಿನದ ಮೇಲೆ ಇಬ್ಬರೂ ಬಂದರು. ಎಲ್ಲಿಗೆ ಹೋಗಿದ್ದಿರಿ ಎಂದರೆ ಮಾವ "ಹೀಗೇ, ಚಂದದ ಜಾಗ" ಎನ್ನುತ್ತಿದ್ದರು. ಸಮುದ್ರವೋ ಘಾಟಿಯೋ ಎಂದು ನಾವೆಲ್ಲ ಊಹಿಸಿದೆವು. ಹೊಸದಾಗಿ ಮದುವೆಯಾದವರ ಹಾಗೆ ಹೋದರಲ್ಲ ಎಂದು ನಾನು ನನ್ನೊಳಗೆ ಕಥೆ ಕಟ್ಟಿಕೊಂಡಿದ್ದೆ. ಇನ್ನೂ ಕೆಲವು ಸಲ ಹಾಗೆ ಹೋಗಿ ಬಂದರು. ಆಮೇಲೆ ಗಾಡಿ ಬದಲಾಪುರದ ಒಬ್ಬರ ಪಾಲಾಗಿ ವಡಾಪಾವಿನ ಅಂಗಡಿಯಾಯಿತು. ಈಗ ಮಾವ ಇಲ್ಲ. ಅತ್ತೆ ಕಲ್ಯಾಣದಲ್ಲಿ ಮಗಳ ಮನೆಯಲ್ಲಿದ್ದಾರೆ.

ಇಷ್ಟೆಲ್ಲ ನೆನಪಾದ ಮೇಲೆ ಸುಮ್ಮನಿರಲಾಗದೆ ಅತ್ತೆಗೆ ಫೋನು ಮಾಡಿದೆ. "ಅತ್ತೆ, ಅವತ್ತು ಮೊದಲ ಸಲ ಎಲ್ಲಿಗೆ ಹೋಗಿದ್ದು?"

ಅವರು ಬಹಳ ಹೊತ್ತು ನಕ್ಕರು. "ಟಿಟ್ವಾಳಾ ಮಾರಾಯ, ಇಲ್ಲೇ ಕಲ್ಯಾಣದ ಹತ್ತಿರದ್ದು! ಅದನ್ನು ದಾಟ್ಲೇ ಇಲ್ಲ. ನದಿ ಹತ್ತಿರ ಒಂದು ಗದ್ದೆ ಬದಿ ನಿಲ್ಲಿಸಿ, ಇಲ್ಲೇ ಸಾಕು ಅಂದೆ."

"ನಾಲ್ಕು ದಿನ ಅಲ್ಲಿ ಎಂಥ ಮಾಡಿದ್ರಿ?"

"ನಾನು ಚಿಲಕ ಹಾಕಿ ಮಲಗಿದೆ. ಎದ್ದೆ, ಪುನಃ ಮಲಗಿದೆ. ಒಬ್ಬಳೇ. ನಿನ್ನ ಮಾವ ಹೊರಗೆ ಕೊಡೆ ಹಿಡ್ಕೊಂಡು ಸ್ಟೂಲಿನಲ್ಲಿ ಕೂತಿದ್ರು. ಬಂದವರಿಗೆಲ್ಲ, ಒಳಗೆ ಹೆಂಡತಿ ಮಲಗಿದ್ದಾಳೆ, ಮೆಲ್ಲ ಮಾತಾಡಿ ಅಂತಿದ್ರು. ಗಂಜಿ ಅವರೇ ಬೇಯಿಸಿದ್ರು. ಒಂದು ಸಲವೂ ಬಾಗಿಲು ಬಡೀಲಿಲ್ಲ. ಮೂರನೇ ದಿನ ನಾನೇ ತೆಗೆದು ಒಳಗೆ ಕರೆದೆ, ಪಾಪ."

ಫೋನು ಇಟ್ಟೆ. ಖಾರ್‌ಘರ್‌ನ ನಮ್ಮ ಮನೆಯಲ್ಲಿ ಈಗ ಮೂರು ಕೋಣೆ, ಇರುವವರು ಇಬ್ಬರು. ಹೆಂಡತಿ ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಳು. ಹಾಗೆ ಹಾಕಿದ್ದರೆ "ಏನು ಮಾಡ್ತಿದ್ದೀ?" ಎಂದು ಕೂಗಿ, ಕೂಗುತ್ತಲೇ ತಳ್ಳಿಕೊಂಡು ಒಳಗೆ ಹೋಗುವುದು ನನ್ನ ಚಾಳಿ. ಎದ್ದು ಬಾಗಿಲವರೆಗೆ ಹೋದೆ. ಒಂದು ಗಳಿಗೆ ನಿಂತೆ. ಆಮೇಲೆ ಅಡಿಗೆಮನೆಗೆ ತಿರುಗಿ, ಇಬ್ಬರಿಗೂ ರಾತ್ರಿಗೆಂದು ಗಂಜಿಗಿಟ್ಟು, ಸದ್ದಾಗದ ಹಾಗೆ ಮುಚ್ಚಳ ಮುಚ್ಚಿದೆ.