ನಿಮ್ಮ ದೇವರ ಗೂಡಿನಲ್ಲಿರುವ ಮರ

ಸೆಲ್ವಿ ಅಕ್ಕ, ದೇವರ ಗೂಡಿನಲ್ಲಿ ಅಪ್ಪನ ಫೋಟೋ ಪಕ್ಕ ನೀವು ಇಟ್ಟುಕೊಂಡಿರುವ ಆ ಮರದ ತುಂಡನ್ನು ನಿಮ್ಮ ಅಪ್ಪ ಮುಟ್ಟಿಯೇ ಇಲ್ಲ. ಅದರ ಮೇಲೆ ಅವರ ಹೆಸರು ಕೆತ್ತಿದವನು ನಾನು — ಹಲಸೂರಿನ ನಮ್ಮ ಮನೆಯ ಬಚ್ಚಲಲ್ಲಿ ಕೂತು, ಒಂದು ಮೊಳೆಯಿಂದ.

ಹೇಳಿಬಿಟ್ಟೆ. ಇಷ್ಟಕ್ಕೆ ವರ್ಷಗಳೇ ಹಿಡಿದವು. ಇಡೀ ಬೀದಿಯನ್ನು ನಗಿಸುವ ಬಾಯಿ ನನ್ನದು, ಹೇಳಬೇಕಾದ ಒಂದೇ ಮಾತಿಗೆ ಮಾತ್ರ —

ಮೊದಲಿನಿಂದ ಹೇಳುತ್ತೇನೆ. ನಮ್ಮ ತಾತ ಸೈನ್ಯದಲ್ಲಿ ಸುಬೇದಾರರಾಗಿದ್ದವರು, ನಿಮಗೆ ಗೊತ್ತು. ಕವಾಯತಿನ ಹಳೇ ರೈಫಲ್ಲುಗಳನ್ನು ಪಲ್ಟನ್ನಿನವರು ಕೈಬಿಟ್ಟಾಗ, ನಳಿಗೆ ಮುಚ್ಚಿಸಿ ಒಂದನ್ನು ನಮ್ಮ ಬೀದಿಯ ಮಾಜಿ ಸೈನಿಕರ ಸಂಘಕ್ಕೆ ಕೊಟ್ಟಿದ್ದರು. ಆರಿಸಿ ತಂದವರು ತಾತ. ಗುಂಡು ಹಾರಿಸದ, ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಂಡು ಗೋಡೆಗೆ ವಾಪಸಾಗುವ ರೈಫಲ್ಲು. ಅದರ ಬಟ್, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಹಿಂದಿನ ಮರ, ಬಿರುಕುಬಿಟ್ಟಿತ್ತು. ಬದಲಾಯಿಸಬೇಕಿತ್ತು.

ನಾನು ಇಂದಿರಾನಗರದಲ್ಲಿ ಸೋಫಾ ಮಾರುವವನು. ಮರದ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಅದರ ಮೇಲೆ ಕೂತರೆ ಗಿರಾಕಿ ಬೀಳಬಾರದು. ಆದರೂ ಎದೆಯುಬ್ಬಿಸಿ ಮುಂದೆ ಬಂದೆ.

"ಮರ ಅಂದ್ರೆ ನಾನು ತಾತ, ನಾನು ಅಂದ್ರೆ ಮರ!"

"ಅದು ನೀನು ಹುಟ್ಟಿದಾಗ್ಲೇ ಗೊತ್ತಾಗೈತೆ ಬಿಡು," ಎಂದರು ತಾತ. "ಹಳೇದನ್ನ ಮಾತ್ರ ಜೋಪಾನವಾಗಿಡು."

ಸೆಲ್ಯೂಟ್ ಹೊಡೆದು ಹಳೇ ಬಟ್ಟನ್ನು ಚೀಲಕ್ಕೆ ತುರುಕಿ ಮೆಟ್ಟಿಲ ಕೆಳಗೆ ಎಸೆದೆ. ಹೊಸದಕ್ಕೆ ತೇಗ ಆರಿಸಿದೆ, ಮುಖ ಕಾಣುವಷ್ಟು ವಾರ್ನಿಷ್ ಹೊಡೆಸಿದೆ. "ಏನ್ ಗುರು, ರೈಫಲ್‌ಗೆ ದಿವಾನ್ ಕಾಲ್ ಹಾಕ್ಸಿದ್ಯಾ?" ಎಂದು ಸಂಘದ ಪಕ್ಕದ ಟೀ ಅಂಗಡಿಯವನು ಕೇಳಿದ. ನಾನು ಬಗ್ಗಿ ನಮಸ್ಕಾರ ಮಾಡಿದೆ.

ಆಮೇಲೆ ಭೋಗಿ ಬಂತು. ಸಂಕ್ರಾಂತಿಯ ಹಿಂದಿನ ಬೆಳಗ್ಗೆ ನಮ್ಮ ಬೀದಿಯ ತಮಿಳರ ಮನೆಗಳವರು ಹಳೇ ಚಾಪೆ, ಪೊರಕೆ ಎಲ್ಲ ತಂದು ಸುಡುತ್ತಾರೆ, ಜೊತೆಗೆ ನಾವೂ. ತಮಟೆ ಬಡಿಯುತ್ತಿದ್ದರು. ಜನ ಸೇರಿದ್ದರು — ಜನ ಸೇರಿದರೆ ನನ್ನ ತಲೆ ಕೆಲಸ ಮಾಡುವುದಿಲ್ಲ. ಮೆಟ್ಟಿಲ ಕೆಳಗಿನ ಚೀಲ ತಂದೆ, ಬಟ್ಟನ್ನು ಗಿಟಾರಿನಂತೆ ಹಿಡಿದು ಕುಣಿದೆ, "ಹಳೇದೆಲ್ಲಾ ಹೋಗ್ಲಿ!" ಎಂದು ಬೆಂಕಿಗೆ ಹಾಕಿದೆ. ಎಲ್ಲರೂ ಶಿಳ್ಳೆ ಹೊಡೆದರು.

ಹಬ್ಬದ ಊಟ ಮುಗಿಸಿ ತಾತ ಕರೆದರು.

"ಆ ಹಳೇ ಬಟ್ ತಗೊಂಬಾರೋ. ಅದ್ರಲ್ಲಿ ಆರ್ಮುಗಂ ಹೆಸರೈತೆ. ರೈಫಲ್‌ನಲ್ಲಿ ಇದ್ದಾಗ ಸಂಘದ್ದು, ಬಿಚ್ಚಿದ್ಮೇಲೆ ಅವ್ನ ಮಗಳದ್ದು."

ಆಗಲೇ ನನಗೆ ತಿಳಿದದ್ದು. ತಾತನ ಜೊತೆ ತರಬೇತಿಯಲ್ಲಿದ್ದಾಗ ನಿಮ್ಮ ಅಪ್ಪ ಮೊಳೆಯಿಂದ ಅದರ ಮೇಲೆ ಹೆಸರು ಕೆತ್ತಿದ್ದು. ಸಿಕ್ಕಿಬಿದ್ದು ಅವರೂ ತಾತನೂ ಅದೇ ರೈಫಲ್ಲನ್ನು ತಲೆಯ ಮೇಲೆ ಹೊತ್ತು ಮೈದಾನ ಸುತ್ತಿದ್ದು. ಹಿಮದ ಗಡಿಗೆ ಹೋದ ನಿಮ್ಮ ಅಪ್ಪ ಸಿಗಲೇ ಇಲ್ಲ. ನೀವಾಗ ತೊಟ್ಟಿಲಲ್ಲಿದ್ದಿರಿ. ಅವರ ಕೈಯ ಗುರುತು ಈ ಭೂಮಿಯ ಮೇಲೆ ಉಳಿದಿದ್ದದ್ದು ಅದೊಂದೇ.

ಸುಟ್ಟುಬಿಟ್ಟೆ ತಾತ — ಇಷ್ಟು ಹೇಳಿದ್ದರೆ ಸಾಕಿತ್ತು.

"ಪಾಲಿಶ್‌ಗೆ ಕೊಟ್ಟಿದೀನಿ ತಾತ. ಬರುತ್ತೆ," ಎಂದೆ.

ಶಿವಾಜಿನಗರದ ಹಳೇ ಸಾಮಾನಿನ ಗಲ್ಲಿಗೆ ಓಡಿದೆ. ಒಂದು ಅಂಗಡಿಯಲ್ಲಿ ರೈಫಲ್ಲಿಲ್ಲದ ಬಟ್ಟುಗಳ ರಾಶಿಯೇ ಇತ್ತು. ತೇಗ ಆರಿಸುವಾಗ ಹೊಳಪು ಬಿಟ್ಟು ಏನನ್ನೂ ನೋಡದವನು, ಈಗ ಒಂದೊಂದನ್ನೂ ಬಿಸಿಲಿಗೆ ಹಿಡಿದೆ. ಇದು ಬಿಳಿಚು. ಇದರ ಕತ್ತು ದಪ್ಪ. ಇದು ಹಳೇದರಂತೆ ಅಕ್ರೋಟ್ ಮರವೇ, ಬಣ್ಣವೂ ಸರಿ, ಬಿರುಕಿಲ್ಲ.

"ಕ್ಯಾ ಭಾಯ್, ಹೆಣ್ಣ್ ನೋಡಕ್ಕೆ ಬಂದಿದೀರಾ? ಎಲ್ಲಾದ್ರಲ್ಲೂ ಏನೋ ಕಮ್ಮಿ ಅಂತೀರ!"

"ಕಮ್ಮಿ ಇರೋದೇ ಬೇಕು ಭಾಯ್. ಕರೆಕ್ಟಾಗಿ ಕಮ್ಮಿ ಇರ್ಬೇಕು."

ಇಬ್ಬರೂ ನಕ್ಕೆವು. ಜೀವನದಲ್ಲಿ ನಾನು ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಅದೊಂದೇ — ಅದೂ ಮೋಸ. ಕತ್ತಿನ ಹತ್ತಿರ ಬಿರುಕಿದ್ದ, ಅಂಚು ಸವೆದ ಒಂದನ್ನು ಆರಿಸಿದೆ. ತಮಿಳು ಅಕ್ಷರಗಳನ್ನು ಫೋನಿನಲ್ಲಿ ನೋಡಿ ಕೆತ್ತಿದೆ. ನಿಜವಾದ ಅಕ್ಷರ ಹೇಗಿತ್ತೆಂದು ನಾನು ನೋಡಿರಲೇ ಇಲ್ಲ. ಟೀ ಡಿಕಾಕ್ಷನ್ ಹಚ್ಚಿದೆ. ಅದರ ಮೇಲೆ ಬೂಟ್ ಪಾಲಿಶ್ ತಿಕ್ಕಿದೆ.

ಪೊರೆ ಬಂದ ಕಣ್ಣಿನ ತಾತ ಹೆಬ್ಬೆರಳಿಂದ ಅಕ್ಷರಗಳನ್ನು ಸವರಿದರು. ಬೆರಳು ನಿಂತಿತು.

"ಇನ್ನೂ ಆಳ ಇತ್ತಲ್ವೇನೋ? ಕೊನೇದು ಒಸಿ ಸೊಟ್ಟಗಿತ್ತು..."

"ಪಾಲಿಶ್ ಮಾಡಿದ್ರಲ್ಲ ತಾತ."

"ಹೌದಾ. ನಂಗೇ ಮರ್ತೋಗಿರ್ಬೇಕು."

ನೀವು ಅದನ್ನು ಕೆನ್ನೆಗೆ ಒತ್ತಿಕೊಂಡಿರಿ. "ಬೂಟ್ ಪಾಲಿಶ್ ವಾಸ್ನೆ ತಾತ... ಅಪ್ಪಾದು," ಎಂದಿರಿ. ನಾನು ಅಲ್ಲೇ ನಿಂತಿದ್ದೆ, ಅಕ್ಕ.

ಅಷ್ಟೇ ಆಗಿದ್ದರೆ ಬಹುಶಃ ಇಂದಿಗೂ ಬಾಯಿ ಬಿಡುತ್ತಿರಲಿಲ್ಲ, ಅಂಥವನೇ ನಾನು. ಆದರೆ ಅಂದಿನಿಂದ ತಾತ ತಮ್ಮ ನೆನಪನ್ನೇ ನಂಬುವುದನ್ನು ಬಿಟ್ಟರು. ನೀವು ಭಾನುವಾರ ಕೆ.ಆರ್. ಪುರದಿಂದ ಬಂದು "ಅಪ್ಪ ಹೆಂಗೆ ನಗ್ತಿದ್ರು ತಾತ?" ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. "ಬೇಡಮ್ಮಾ. ತಲೆ ಮೇಲೆ ಹೊತ್ತಿದ್ ಮರದ ಅಕ್ಷರನೇ ನೆನಪಿಲ್ಲ ನಂಗೆ. ತಪ್ಪು ಹೇಳ್ಬಿಟ್ರೆ ನೀನು ಅದನ್ನೇ ನಿಜ ಅಂದ್ಕೋತೀಯ."

ಕಳೆದ ವಾರ ಅವರು ಹಾಗೆಂದಾಗ ನಾನು ಏನೆಂದೆ, ನೆನಪಿದೆಯಾ? "ತಾತನ ಮೆಮೊರಿ ಕಾರ್ಡ್ ಫುಲ್ ಆಗೈತೆ ಅಕ್ಕ!" ನೀವು ನಕ್ಕಿರಿ. ತಾತನೂ ನಕ್ಕರು — ಪಾಪ, ತಪ್ಪು ತಮ್ಮದೇ ಎಂಬಂತೆ.

ಮರ ಸುಟ್ಟದ್ದು ದಡ್ಡತನ. ನಿಮ್ಮ ಅಪ್ಪನನ್ನು ಕಂಡಿದ್ದ, ನಿಮಗೆ ಹೇಳಬಲ್ಲ ಒಬ್ಬರ ಬಾಯನ್ನೂ ನಾನು ಕಟ್ಟಿಹಾಕಿದೆ. ಅದಕ್ಕೆ ಹೆಸರು —

ಇವತ್ತು ಬೆಳಗ್ಗೆ ತಾತನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಕೇಳಿದ್ದು ಒಂದೇ.

"ಚೆನ್ನಾಗಿ ಉರೀತಾ?"

"ಹೂಂ ತಾತ."

ಕಣ್ಣು ಮುಚ್ಚಿ ಗಾಳಿಯಲ್ಲೇ ಹೆಬ್ಬೆರಳಾಡಿಸಿದರು. "ಹಂಗಾದ್ರೆ ಕೊನೇ ಅಕ್ಷರ ಸೊಟ್ಟಗೇ ಇತ್ತು," ಎಂದರು. ಆಮೇಲೆ, "ಹೋಗು. ಅವಳಿಗೆ ಹೇಳು."

ಭಾನುವಾರ ನೀವು ಬರಬೇಡಿ. ತಾತನನ್ನು ನಾನೇ ಕರೆತರುತ್ತೇನೆ. ಅವರು ಮಾತಾಡಲಿ. ನನ್ನನ್ನು ಒಳಗೆ ಕರೆಯದಿದ್ದರೆ ಹೊರಗೇ ಕೂರುತ್ತೇನೆ. ಆ ಮರವನ್ನು ಏನು ಮಾಡಬೇಕೆಂದು ಹೇಳುವ ಬಾಯಿ ನನಗಿಲ್ಲ. ಒಂದೇ ಕೇಳಿಕೊಳ್ಳುತ್ತೇನೆ — ನಿಮ್ಮ ಮುಖ ನೋಡಲಾರದೆ ಬಾಗಿಲಲ್ಲೇ ನಾನು ಯಾವುದಾದರೂ ತಮಾಷೆ ಶುರು ಮಾಡಿದರೆ, ನಗಬೇಡಿ ಅಕ್ಕ.