ಲೆಕ್ಕದ ಟೀಚರೂ ಕೊಯ್ಲಿನ ಟಾಸ್ಕೂ

೧೯೯೭ರ ಡಿಸೆಂಬರ್ ೮, ಸೋಮವಾರ. ಆಧಾರ: ನನ್ನ ಹೆಂಡತಿ ಅಡುಗೆಮನೆಯ ಗೋಡೆಗೆ ತೂಗುಹಾಕುತ್ತಿದ್ದ ಕ್ಯಾಲೆಂಡರು. ಆ ದಿನದ ಚೌಕದಲ್ಲಿ ಅವಳ ಕೈಬರಹದಲ್ಲಿ ‘ಲೆಕ್ಕದ ಟೀಚರ್ ಶುರು’ ಎಂದಿದೆ. ವಾರವನ್ನು ಹಳೆಯ ಪಂಚಾಂಗದೊಡನೆ ತಾಳೆ ನೋಡಿದ್ದೇನೆ, ಸರಿಯಾಗಿದೆ. ಮೊನ್ನೆ ಅಟ್ಟದ ಪೆಟ್ಟಿಗೆಯಲ್ಲಿ ಮಗಳ ಜಾಮಿಟ್ರಿ ಬಾಕ್ಸು ಸಿಕ್ಕಿತು. ಮುಚ್ಚಳ ತೆಗೆದೊಡನೆ ತುಕ್ಕು ಹಿಡಿದ ಕೈವಾರದ, ಸವೆದ ರಬ್ಬರಿನ ವಾಸನೆ... ಅದರ ಹಿಂದೆಯೇ ಟೀಚರ್ ನೆನಪಾದರು. ದಿನಾಂಕಕ್ಕಾಗಿ ಕ್ಯಾಲೆಂಡರುಗಳ ಕಟ್ಟು ಬಿಚ್ಚಿದ್ದು ಆಮೇಲೆ.

ಆಗ ನಾವು ಮಲ್ಲಂದೂರಿನ ಬಳಿ ನನ್ನ ಮಾವನವರ ಕಾಫಿ ತೋಟದಲ್ಲಿದ್ದೆವು. ಶಾಸನಗಳ ಕಾಲನಿರ್ಣಯವೇ ವೃತ್ತಿಯಾಗಿದ್ದ ನಾನು ಅರ್ಧ ತಿಂಗಳು ಊರೂರು ಅಲೆಯುತ್ತಿದ್ದೆ. ಮಗಳು ಎಸ್ಸೆಸ್ಸೆಲ್ಸಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕ ಅವಳಿಗೆ ಕೈಕೊಟ್ಟಿತು. “ಲೆಕ್ಕ ಹೋದ್ರೆ ಕಾಲೇಜೂ ಹೋಯ್ತು. ಮನೇಲಿರು” ಎಂದು ಮಾವ ತೀರ್ಪು ಕೊಟ್ಟರು. ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದು ಓದುವ ಆಸೆಯಲ್ಲಿ, ಅಲ್ಲಿಯ ಕಿಟಕಿಯ ಪರದೆಯ ಬಣ್ಣವನ್ನೂ ಆರಿಸಿಟ್ಟಿದ್ದ ಹುಡುಗಿ ಅಂದು ಊಟ ಮಾಡಲಿಲ್ಲ.

ಮನೆಪಾಠದ ಕುರಿತು ಮಾವನವರಿಗೆ ಕೆಲವು ದೃಢ ನಂಬಿಕೆಗಳಿದ್ದವು. ಕಲಿಸುವವರಿಗೆ ಚಿನ್ನದ ಪದಕ ಬಂದಿರಬೇಕೆಂಬುದು ಮೊದಲನೆಯದು. ಅಂಥ ಯುವಕನೊಬ್ಬ ಬಂದ. “ಇದೂ ಗೊತ್ತಾಗಲ್ವಾ?” ಎಂದು ಕೇಳಿ ಕೇಳಿ, ಕೊನೆಗೆ ಮಗಳಿಗಿಂತ ಮೊದಲು ಅವನಿಗೇ ಅಳು ಬರುವಂತಾಗಿ, ವಾರದೊಳಗೆ ಬರುವುದನ್ನೇ ಬಿಟ್ಟ. ಅನಂತರ ಬಂದವರು ಈ ಟೀಚರ್. ಮೂವತ್ತರ ಆಸುಪಾಸಿನವರು, ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದರು. ಜಗಲಿಯಲ್ಲೇ ಸಂದರ್ಶನ ನಡೆಯಿತು.

“ನಿಮ್ಗೆ ಲೆಕ್ಕದಲ್ಲಿ ಎಷ್ಟು ಬಂದಿತ್ತು?” ಎಂದರು ಮಾವ.

“ಪಿಯುಸೀಲಿ ಒಂದ್ಸಲ ಫೇಲಾಗಿದ್ದೆ, ಗೌಡ್ರೇ.”

ಮಾವ ನನ್ನ ಕಡೆ ತಿರುಗಿದರು. “ಫೇಲಾದವ್ರನ್ನ ಕರ್ಸಿ ಪಾಸು ಮಾಡ್ಸೋದಾ? ಒಳ್ಳೆ ಕತೆ ಮಾರಾಯ್ರೆ ನಿಮ್ದು.”

“ಎಲ್ಲಿ ಎಡವ್ತಾರೆ ಅಂತ ನಂಗೆ ಚೆನ್ನಾಗಿ ಗೊತ್ತುಂಟು” ಎಂದು ಟೀಚರ್ ಕಾಫಿ ಲೋಟ ಎತ್ತಿಕೊಂಡರು. ಬೇರೆ ಯಾರೂ ಸಿಗದ ಕಾರಣ ನೇಮಕವಾಯಿತು.

ಎರಡನೆಯ ನಂಬಿಕೆ ಇನ್ನೂ ಗಟ್ಟಿಯಾದದ್ದು. ಅದು ಕೊಯ್ಲಿನ ಕಾಲ. ಒಬ್ಬ ಆಳು ದಿನಕ್ಕೆ ಇಷ್ಟು ಕಿಲೋ ಹಣ್ಣು ಕೊಯ್ಯಬೇಕೆಂದು ತೋಟದಲ್ಲಿ ಟಾಸ್ಕ್ ಇರುತ್ತದೆ. ಮಾವ ಅದನ್ನೇ ಟೀಚರಿಗೂ ಗೊತ್ತುಮಾಡಿದರು: ದಿನಕ್ಕೆ ಇಪ್ಪತ್ತು ಲೆಕ್ಕ. ಸಂಜೆ ಕಣದಲ್ಲಿ ಹಣ್ಣು ತೂಗಿಸಿ ಬಂದವರು ಅದೇ ಗತ್ತಿನಲ್ಲಿ ಮೊಮ್ಮಗಳ ಪುಸ್ತಕ ತೆರೆದು ಎಣಿಸುವರು. ಒಂದೆರಡು ಕಡಿಮೆಯಾದರೆ ಹುಬ್ಬು ಗಂಟಿಕ್ಕುವುದು. ಹೆಚ್ಚಾದರೆ ಟೀಚರಿಗೆ ಇನ್ನೊಂದು ಅಕ್ಕಿರೊಟ್ಟಿ. ಟೀಚರ್ ರೊಟ್ಟಿ ತಿನ್ನುತ್ತಿದ್ದರು.

ಒಂದು ಸಂಜೆ ಮಾವ ಕಣದಲ್ಲಿ ಆಳುಗಳ ಮೇಸ್ತ್ರಿಯ ಮೇಲೆ ಹರಿಹಾಯುತ್ತಿದ್ದರು. ಚೀಲದ ತುಂಬ ಹಸಿರು ಕಾಯಿ. “ತೂಕ ಬಂದ್ರೆ ಸಾಕು ಅಂತ ಕೈಗೆ ಸಿಕ್ಕಿದ್ದೆಲ್ಲ ಕಿತ್ಕೊಂಡು ಬರೋದೇನೋ? ಹಣ್ಣೆಲ್ಲ ಗಿಡದಲ್ಲೇ ಉಂಟು.” ಬಸ್ಸಿಗೆ ಹೊರಟಿದ್ದ ಟೀಚರ್ ಅಲ್ಲೇ ನಿಂತರು. ಮಗಳಿಂದ ಪುಸ್ತಕ ತರಿಸಿ ಅವರ ಮುಂದೆ ಹಿಡಿದರು.

“ಇದನ್ನೂ ಒಂಚೂರು ನೋಡಿ ಗೌಡ್ರೇ. ಇಪ್ಪತ್ತೂ ಹಸಿರು ಕಾಯಿ.”

“ಅಂದ್ರೆ?”

“ಟಾಸ್ಕ್ ಮುಗೀಲಿ ಅಂತ ಇವ್ಳು ಸುಲಭದ್ದನ್ನೇ ಆರ್ಸಿ ಆರ್ಸಿ ಮಾಡಿದಾಳೆ. ಕಷ್ಟದ್ದೆಲ್ಲ ಪುಸ್ತಕದಲ್ಲೇ ಉಂಟು.”

ಮೇಸ್ತ್ರಿ ಆ ಕಡೆ ತಿರುಗಿ ಕೆಮ್ಮಿದ. ಮಾವ ಬಹಳ ಹೊತ್ತು ಪುಟ ತಿರುವುತ್ತ ನಿಂತರು...

ಮರುದಿನದಿಂದ ಟೀಚರ್ ದಿನಕ್ಕೆ ಒಂದೇ ಲೆಕ್ಕ ಮಾಡಿಸತೊಡಗಿದರು. ಮಾವನವರಿಗೆ ತಡೆಯಲಾಗದ ಸಂಕಟ. ಕಾವಲಿಗೆಂದು ಜಗಲಿಯ ತುದಿಯಲ್ಲಿ ಕುರ್ಚಿ ಹಾಕಿ ಕುಳಿತರು. ಕ್ರಮೇಣ ಆ ಕುರ್ಚಿ ಮೇಜಿನ ಹತ್ತಿರಕ್ಕೆ ಬಂತು.

“ಅಲ್ಲ ಟೀಚ್ರೇ, ಈ ಎಕ್ಸು ಆ ಕಡೆ ಹೋದ ಕೂಡ್ಲೆ ಮೈನಸ್ ಯಾಕಾಗ್ಬೇಕು? ಅದ್ರ ಪಾಡಿಗೆ ಅದಿರ್ಬಾರ್ದಾ?”

“ಅಜ್ಜಯ್ಯ, ನಿಮ್ಗೆ ಹೇಳ್ತಾ ಕೂತ್ರೆ ನನ್ನ ಪಾಠ ಯಾವಾಗ ಆಗೋದು?” ಎಂದು ಮಗಳು ರೇಗುವಳು.

“ನೀನೇ ಹೇಳು ಅವ್ರಿಗೆ” ಎನ್ನುವರು ಟೀಚರ್.

ಮಗಳು ಪಾಸಾದಳು. ಹಾಸ್ಟೆಲಿಗೆ ಪರದೆಯೂ ಹೋಯಿತು. ಪರೀಕ್ಷೆಯ ಹಿಂದಿನ ಸಂಜೆಯವರೆಗೂ ಟೀಚರ್ ತಪ್ಪದೆ ಬಂದರು, “ಇವತ್ತಿಗೆ ಒಂದೇ ಸಾಕು, ಅವಸರ ಬೇಡ” ಎಂಬ ಅವರ ಮಾತು ಜಗಲಿಯಿಂದ ಕೇಳುತ್ತಲೇ ಇತ್ತು ಎಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ನನ್ನ ನೆನಪೂ ಹಾಗೆಯೇ ಇತ್ತು.

ಕ್ಯಾಲೆಂಡರು ಅದನ್ನು ಒಪ್ಪುವುದಿಲ್ಲ. ೧೯೯೮ರ ಜನವರಿಯ ಕೊನೆಯ ಚೌಕದಲ್ಲಿ ‘ಟೀಚರಿಗೆ ಕಳಸದಲ್ಲಿ ಕೆಲಸ ಸಿಕ್ಕಿತು. ಇವತ್ತೇ ಕೊನೆ’ ಎಂದಿದೆ. ಮಗಳಿಗೆ ಫೋನ್ ಮಾಡಿದೆ. ಆ ಚೌಕವನ್ನು ಓದಿ ಹೇಳಿದೆ.

“ಹೌದಲ್ಲ ಅಪ್ಪ... ಆಮೇಲೆ ಅಜ್ಜಯ್ಯನೇ ಕೂತ್ಕೊಳ್ತಿದ್ರು. ಅವ್ರಿಗೆ ಒಂದೂ ಬರ್ತಿರ್ಲಿಲ್ಲ. ಪೂರ್ತಿ ಅರ್ಥ ಆಗೋವರ್ಗೂ ಬಿಡ್ತಾನೂ ಇರ್ಲಿಲ್ಲ. ನಾನೇ ಹೇಳ್ಕೊಡ್ತಿದ್ದೆ.”

ಹಾಗಾದರೆ “ಒಂದೇ ಸಾಕು” ಎಂದದ್ದು ಮಾವ. ಅವರು ತೀರಿಕೊಂಡು ಬಹಳ ಕಾಲವಾಯಿತು. ಕಳಸದಲ್ಲಿ ವಿಚಾರಿಸಿದೆ, ಟೀಚರ್ ಕೂಡ ನಿವೃತ್ತಿಗೆ ಮೊದಲೇ ತೀರಿಹೋದರಂತೆ. ಸುದ್ದಿ ನಮಗೆ ಮುಟ್ಟಿರಲಿಲ್ಲ. ನಾನಂತೂ ಕಣ್ಣು ಮುಚ್ಚಿದರೆ ಮಾರ್ಚ್ ತಿಂಗಳ ಆ ಜಗಲಿಯಲ್ಲಿ ಈಗಲೂ ಮೂವರನ್ನು ಕಾಣುತ್ತೇನೆ. ಕ್ಯಾಲೆಂಡರಿನ ಪ್ರಕಾರ ಇದ್ದವರು ಇಬ್ಬರೇ.